ಡ್ರಮ್ಮು ಇಟ್ಟರೆ ಸಾಲದು, ರಿಟರ್ನ್ ಪೈಪು ನೋಡಿ

ತೆಲಂಗಾಣದ ಕೃಷ್ಣಾ ಮಂಡಲದ ಊರುಗಳ ಎದುರಿಗೇ, ನದಿಯ ಆಚೆ ದಂಡೆಯಲ್ಲಿ, ಶಕ್ತಿನಗರದ ಚಿಮಣಿಗಳಿವೆ. ಅದು 1,720 ಮೆಗಾವಾಟ್‌ನ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಗದ್ವಾಲದ ಕಡೆ ಹೋದರೆ ಜುರಾಲಾ ಅಣೆಕಟ್ಟಿನಲ್ಲಿ ತಲಾ 39 ಮೆಗಾವಾಟ್‌ನ ಆರು ಯಂತ್ರಗಳಿವೆ. ಇವೆರಡರ ನಡುವೆ ಬದುಕುವ ನಾವು, ಮುಂಗಾರಿನ ಮೊದಲ ಗಾಳಿಗೆ ನಾಲ್ಕು ಕಂಬ ಉರುಳಿದರೆ ಜನರೇಟರ್ ಕಡೆಗೇ ಓಡಬೇಕು. ಮಕ್ತಲ್‌ನ ಅಕ್ಕಿ ಗಿರಣಿ, ಗದ್ವಾಲದ ಬೀಜ ಸಂಸ್ಕರಣೆ ಘಟಕ, ನಾರಾಯಣಪೇಟೆಯ ದವಾಖಾನೆ, ಎಲ್ಲ ಊರುಗಳ ಮದುವೆ ಮಂಟಪ, ಪೆಟ್ರೋಲ್ ಬಂಕು: ಎಲ್ಲೆಡೆ ಒಂದು ಡೀಸೆಲ್ ಸೆಟ್ಟು ಕೂತಿದೆ.

ನಾನು ಮಕ್ತಲ್‌ನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುವವನು. ಕೆಲಸ ಕಲಿತದ್ದು ರಾಯಚೂರಿನ ಒಂದು ಪಂಪು-ನಾಜಲ್ ಅಂಗಡಿಯಲ್ಲಿ. ಆಗ ಬರುತ್ತಿದ್ದವು ಹೊಲಕ್ಕೆ ನೀರೆತ್ತುವ ಎಂಜಿನ್‌ಗಳು, ಈಗ ಬರುವುದು ಹೆಚ್ಚಾಗಿ ಜನರೇಟರ್‌ಗಳು. ಎಂಜಿನ್ ಕೆಟ್ಟು ನಿಂತದ್ದಕ್ಕಿಂತ, ಪಕ್ಕಕ್ಕೆ ಇಟ್ಟ ಹೆಚ್ಚುವರಿ ಟ್ಯಾಂಕನ್ನು ತಪ್ಪಾಗಿ ಜೋಡಿಸಿ ನಿಂತದ್ದನ್ನೇ ನಾನು ಹೆಚ್ಚು ನೋಡಿದ್ದೇನೆ. ಆ ಜೋಡಣೆಯನ್ನು ನಾವೆಲ್ಲ ಇನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಹೆಚ್ಚುವರಿ ಟ್ಯಾಂಕು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 62.5 ಕೆವಿಎ ಸೆಟ್ಟು ಮುಕ್ಕಾಲು ಲೋಡಿನಲ್ಲಿ ಗಂಟೆಗೆ ಸುಮಾರು 10 ಲೀಟರ್ ಡೀಸೆಲ್ ಕುಡಿಯುತ್ತದೆ. ಸೆಟ್ಟಿನ ಕೆಳಗಿನ ಟ್ಯಾಂಕು 100 ಲೀಟರಿನದಾದರೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ತಳ ಕಾಣುತ್ತದೆ. 2009ರ ಅಕ್ಟೋಬರ್ ಮೊದಲ ವಾರ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ಆಲಂಪುರ, ಕರ್ನೂಲು ನೀರಿನಲ್ಲಿ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಅಂಥ ದಿನ ರಸ್ತೆಯೇ ಇಲ್ಲದಿದ್ದರೆ ಡೀಸೆಲ್ ಬರುವುದೆಲ್ಲಿಂದ? ಓಡುತ್ತಿರುವ ಸೆಟ್ಟಿಗೆ ಕ್ಯಾನಿನಿಂದ ಎಣ್ಣೆ ಸುರಿಯುವುದಂತೂ ಬೆಂಕಿಯ ಜೊತೆ ಆಟ. ಕಾದ ಸೈಲೆನ್ಸರ್ ಮೇಲೆ ಚೆಲ್ಲಿದರೆ ಹೊತ್ತಿಕೊಳ್ಳಲು ಕಿಡಿಯೂ ಬೇಕಿಲ್ಲ.

ಆದರೆ ನಮ್ಮಲ್ಲಿ ನಡೆಯುವುದು ಏನು? 200 ಲೀಟರಿನ ಡ್ರಮ್ಮು ತಂದು ಪಕ್ಕಕ್ಕೆ ಇಡುತ್ತಾರೆ. ಎಂಜಿನ್ನಿಗೆ ಎಣ್ಣೆ ಹೋಗುವ ಪೈಪನ್ನು ಕಿತ್ತು ಡ್ರಮ್ಮಿಗೆ ಇಳಿಬಿಡುತ್ತಾರೆ. ಸೆಟ್ಟು ಓಡುತ್ತದೆ, ಕೆಲಸ ಮುಗಿಯಿತೆಂದು ಎಲ್ಲರೂ ಹೋಗುತ್ತಾರೆ.

ಮುಗಿದಿರುವುದಿಲ್ಲ. ಡೀಸೆಲ್ ಎಂಜಿನ್ ಉರಿಸುವುದಕ್ಕಿಂತ ಹೆಚ್ಚು ಎಣ್ಣೆ ಎಳೆಯುತ್ತದೆ. ಮಿಕ್ಕಿದ್ದು ಪಂಪು, ನಾಜಲ್‌ಗಳನ್ನು ತಂಪು ಮಾಡಿಕೊಂಡು ರಿಟರ್ನ್ ಪೈಪಿನಲ್ಲಿ ವಾಪಸು ಬರುತ್ತದೆ. ಎಳೆಯುವುದು ಡ್ರಮ್ಮಿನಿಂದ, ಬಿಡುವುದು ಕೆಳಗಿನ ಟ್ಯಾಂಕಿಗೆ ಎಂದಾದರೆ ಆ ಟ್ಯಾಂಕು ತುಂಬುತ್ತಾ ಹೋಗಿ ಕೊನೆಗೆ ಹೊರಗೆ ಹರಿಯುತ್ತದೆ. ನಾರಾಯಣಪೇಟೆ ಕಡೆಯ ಒಂದು ಮದುವೆ ಮಂಟಪದಲ್ಲಿ ಹಾಗೇ ಆಗಿತ್ತು. ಮುಚ್ಚಿದ ಕೋಣೆಯ ನೆಲವೆಲ್ಲ ಡೀಸೆಲ್, ಗೋಡೆಯ ಆಚೆ ಅಡುಗೆಯವರ ಒಲೆ. ಸೆಟ್ಟು ನೋಡಿಕೊಳ್ಳುತ್ತಿದ್ದ ಹುಡುಗ ಗಾಬರಿಯಿಂದ ಫೋನ್ ಮಾಡಿದ್ದ: "ಅಣ್ಣಾ, ಡ್ರಮ್ಮಿನ್ಯಾಗ ಎಣ್ಣಿ ಕಮ್ಮಿ ಆಗಕತ್ತೈತಿ, ಕೆಳಗ ನೋಡಿದ್ರ ಹೊಳಿ ಹರದಂಗ ಹರಿಯಕತ್ತೈತಿ." ಮೊದಲು ಸೆಟ್ಟು ಬಂದ್ ಮಾಡಿಸಿದೆ, ಒಲೆ ಆರಿಸಲು ಹೇಳಿದೆ, ನೆಲಕ್ಕೆ ಮರಳು ಹಾಕಿಸಿದೆ. ಆಮೇಲೆ ಹೋಗಿ ಪೈಪು ಸರಿ ಮಾಡಿದೆ. ಆ ಹುಡುಗ ಆ ಹೊತ್ತಿಗೆ ಕೆಳಗೆ ಬಗ್ಗಿ ನೋಡದಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಿಲ್ಲ.

ಸರಿಯಾದ ದಾರಿ ಎರಡು. ಮೊದಲನೆಯದು, ಎಂಜಿನ್ನಿನ ಪೈಪುಗಳನ್ನು ಮುಟ್ಟದೇ ಇರುವುದು. ಹೆಚ್ಚುವರಿ ಟ್ಯಾಂಕಿನಿಂದ ಕೆಳಗಿನ ಟ್ಯಾಂಕಿಗೆ ಸಣ್ಣ ಪಂಪು ಇಟ್ಟು, ಮಟ್ಟ ಇಳಿದಾಗ ಚಾಲೂ, ತುಂಬಿದಾಗ ಬಂದ್ ಆಗುವ ಫ್ಲೋಟ್ ಸ್ವಿಚ್ ಹಾಕಬೇಕು. ಸ್ವಿಚ್ ಕೈಕೊಟ್ಟರೆ ಹೆಚ್ಚಾದ ಎಣ್ಣೆ ವಾಪಸು ಹೋಗಲು ದಪ್ಪನೆಯ ಓವರ್‌ಫ್ಲೋ ಪೈಪು ಇರಬೇಕು. ಎರಡನೆಯದು, ಹೋಗುವ ಪೈಪಿಗೂ ರಿಟರ್ನ್ ಪೈಪಿಗೂ ಮೂರು ದಾರಿಯ ವಾಲ್ವ್ ಹಾಕಿ ಎರಡನ್ನೂ ಒಟ್ಟಿಗೇ ತಿರುಗಿಸುವುದು. ಯಾವ ಟ್ಯಾಂಕಿನಿಂದ ಎಳೆಯುತ್ತದೋ ಅದಕ್ಕೇ ವಾಪಸು ಬರಬೇಕು. ದವಾಖಾನೆಯಂಥ ಕಡೆ ನಾನು ಮೊದಲನೆಯದನ್ನೇ ಒತ್ತಾಯಿಸುತ್ತೇನೆ. ರಾತ್ರಿಪಾಳಿಯ ಕಾವಲುಗಾರ ತಿರುಗಿಸಲು ಮರೆಯುವಂಥ ವಾಲ್ವೇ ಅದರಲ್ಲಿ ಇಲ್ಲ.

ಟ್ಯಾಂಕನ್ನು ಎತ್ತರದಲ್ಲಿ ಇಟ್ಟರೆ ಎಣ್ಣೆ ತಾನೇ ಇಳಿಯುತ್ತದೆ ಎಂದು ಖುಷಿಪಡುವವರಿದ್ದಾರೆ. ಪೈಪು ಒಡೆದರೆ ಇಡೀ ಟ್ಯಾಂಕು ನೆಲಕ್ಕೆ ಇಳಿಯುವುದೂ ಅದೇ ಕಾರಣಕ್ಕೆ. ಬುಡದಲ್ಲೇ ಬಂದ್ ಮಾಡುವ ವಾಲ್ವ್ ಬೇಕು, ಸೆಟ್ಟು ನಿಂತಾಗ ಹರಿವು ತಾನಾಗಿ ನಿಲ್ಲುವ ಏರ್ಪಾಡೂ ಬೇಕು. ಟ್ಯಾಂಕು ತೀರಾ ಕೆಳಗಿದ್ದರೆ ಎಂಜಿನ್ನಿನ ಫೀಡ್ ಪಂಪು ಎಳೆಯಲಾರದು. ಸಡಿಲ ಕ್ಲಾಂಪಿನಿಂದ ಗಾಳಿ ಹೊಕ್ಕು ಏರ್ ಹಿಡಿದು ಸೆಟ್ಟು ನಿಲ್ಲುತ್ತದೆ. ಮುಚ್ಚಳ ಬಿಗಿದು ಗಾಳಿಕೊಳವೆ ಇಡದಿದ್ದರೆ, ಡ್ರಮ್ಮಿನಲ್ಲಿ ಎಣ್ಣೆ ಇದ್ದೂ ಎಂಜಿನ್ ಉಸಿರುಗಟ್ಟುತ್ತದೆ.

ಜಿಐ ಪೈಪು ಬೇಡ. ಅದರ ಸತು ಡೀಸೆಲ್ ಜೊತೆ ಸೇರಿ ಕೆಸರಾಗಿ ಫಿಲ್ಟರ್ ಕಟ್ಟುತ್ತದೆ. ಕರಿ ಕಬ್ಬಿಣದ ಪೈಪು, ಎಂಜಿನ್ ಹತ್ತಿರ ಮಾತ್ರ ಡೀಸೆಲ್‌ಗೆಂದೇ ಮಾಡಿದ ರಬ್ಬರ್ ಹೋಸು ಸರಿ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪು ನಮ್ಮ ಕಡೆಯ ಬಿಸಿಲಿಗೆ ಗಡುಸಾಗಿ ಸೀಳುತ್ತದೆ. ಟ್ಯಾಂಕಿನ ತಳದಲ್ಲಿ ನೀರು ಸೇರುವುದು ಸಹಜ. ಎಳೆಯುವ ಪೈಪಿನ ಬಾಯಿ ತಳದಿಂದ ಸ್ವಲ್ಪ ಮೇಲಿರಲಿ, ನೀರು ತೆಗೆಯಲು ಡ್ರೇನ್ ಇರಲಿ. ಮಾಲಿನ್ಯದ ಹೊಸ ಸಿಪಿಸಿಬಿ-4+ ನಿಯಮ 2023ರ ಜುಲೈ 1ರಿಂದ ಬಂದಿದೆ. ಅದರಂತೆ ತಯಾರಾದ ಎಂಜಿನ್‌ಗಳು ಹಳೆಯವುಗಳ ಹಾಗೆ ಕೊಳೆ ತಡೆಯುವುದಿಲ್ಲ.

ಕಾನೂನೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ ಒಟ್ಟು 2,500 ಲೀಟರಿಗಿಂತ ಹೆಚ್ಚು ಡೀಸೆಲ್ ಇಡುವಂತಿಲ್ಲ, ಒಂದೇ ಪಾತ್ರೆಯಲ್ಲಿ 1,000 ಲೀಟರ್ ಮೀರುವಂತಿಲ್ಲ. ಈ ಮಿತಿಯೊಳಗೆ ನಮ್ಮೂರಿನ ದವಾಖಾನೆಗಳ ಅಗತ್ಯ ಸುಲಭವಾಗಿ ಪೂರೈಸುತ್ತದೆ.

ಹಾಗಿದ್ದೂ ಈ ಕೆಲಸ ಯಾಕೆ ಕೆಡುತ್ತಿದೆ? ಸೆಟ್ಟು ಕೊಳ್ಳಲು ಲಕ್ಷಗಟ್ಟಲೆ ಕೊಡುವವರು ಟ್ಯಾಂಕಿನ ಜೋಡಣೆಯನ್ನು ಎಸ್ಟಿಮೇಟಿನಲ್ಲಿ ಬರೆಸುವುದಿಲ್ಲ. ಬರೆಸದ ಕೆಲಸಕ್ಕೆ ದುಡ್ಡಿಲ್ಲ, ದುಡ್ಡಿಲ್ಲದ ಕೆಲಸ ಕೈಗೆ ಸಿಕ್ಕವನ ಪಾಲಾಗುತ್ತದೆ. ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿ ಬಂದು ಆಫೀಸಿನ ಕಪಾಟು ಸೇರುತ್ತದೆ. ಸೆಟ್ಟಿನ ಬಳಿ ರಾತ್ರಿ ಇರುವವನಿಗೆ ಅದು ಸಿಗುವುದೂ ಇಲ್ಲ, ಅರ್ಥವಾಗುವುದೂ ಇಲ್ಲ. ತೆಲುಗಿನಲ್ಲಿ, ನಮ್ಮ ಕೃಷ್ಣಾ ಮಂಡಲದಲ್ಲಿ ಕನ್ನಡದಲ್ಲೂ, ಯಾವ ವಾಲ್ವ್ ಯಾವಾಗ ತಿರುಗಿಸಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಎಷ್ಟು ಖರ್ಚು?

ನಾರಾಯಣಪೇಟೆ, ಜೋಗುಳಾಂಬ ಗದ್ವಾಲ ಎರಡೂ ಹೊಸ ಜಿಲ್ಲೆಗಳು. ಕಚೇರಿ, ದವಾಖಾನೆ, ಹಾಸ್ಟೆಲ್‌ಗಳು ಇನ್ನೂ ಕಟ್ಟಿಕೊಳ್ಳುತ್ತಿರುವ ಹೊತ್ತು ಇದು. ಟೆಂಡರಿನಲ್ಲೇ ಟ್ಯಾಂಕು, ಎರಡು ಪೈಪು, ವಾಲ್ವ್, ಗಾಳಿಕೊಳವೆ ಎಲ್ಲವನ್ನೂ ಸಾಲುಸಾಲಾಗಿ ಬರೆಸಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ತಿಂಗಳಿಗೊಮ್ಮೆ ಹೆಚ್ಚುವರಿ ಟ್ಯಾಂಕಿನ ಎಣ್ಣೆಯಲ್ಲೇ ಸೆಟ್ಟನ್ನು ಲೋಡ್ ಮೇಲೆ ಓಡಿಸಿ ನೋಡುವುದನ್ನು ಒಬ್ಬ ನೌಕರನ ಹೆಸರಿಗೆ ಹಚ್ಚಬೇಕು.

ಜನರೇಟರ್ ಇರುವ ಎಲ್ಲರಲ್ಲೂ ನನ್ನ ಕೋರಿಕೆ ಇಷ್ಟೇ. ಈ ವಾರ ಒಮ್ಮೆ ಸೆಟ್ಟಿನ ಬಳಿ ಹೋಗಿ, ರಿಟರ್ನ್ ಪೈಪನ್ನು ಕೈಯಲ್ಲಿ ಹಿಡಿದು ಅದು ಎಲ್ಲಿಗೆ ಹೋಗುತ್ತದೆ ನೋಡಿ. ಎಣ್ಣೆ ಎಳೆಯುವ ಟ್ಯಾಂಕಿಗೇ ಹೋಗದಿದ್ದರೆ ಮಳೆ ಬರುವ ಮೊದಲೇ ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ ಸರಿ ಮಾಡಿಸಿ.