ಗೋಧಿ, ಹಾಲು ಇಲ್ಲದ ದಸ್ತರ್‌ಖಾನ್



ಮನೆಯಲ್ಲಿ ಒಬ್ಬರಿಗೆ ಪಥ್ಯ ಬಂದರೆ ಅಡುಗೆಮನೆಯಲ್ಲಿ ಎರಡು ಒಲೆ ಉರಿಯತೊಡಗುತ್ತವೆ. ಒಂದರ ಮೇಲೆ ಎಲ್ಲರ ಊಟ, ಇನ್ನೊಂದರ ಮೇಲೆ ಪಥ್ಯದವರ ಊಟ. ಮೊದಲ ವಾರ ತಾಯಿ ಹುರುಪಿನಿಂದಲೇ ಮಾಡುತ್ತಾಳೆ. ತಿಂಗಳು ಕಳೆಯುವಷ್ಟರಲ್ಲಿ ಆ ಸಣ್ಣ ಪಾತ್ರೆಗೆ ಮಸಾಲೆ ತಪ್ಪುತ್ತದೆ, ಒಗ್ಗರಣೆ ತಪ್ಪುತ್ತದೆ, ಕೊನೆಗೆ ಅನ್ನ ಮತ್ತು ತಿಳಿಸಾರು ಮಾತ್ರ ಉಳಿಯುತ್ತದೆ. ನಾಲ್ಕು ದಿನದ ಜ್ವರಕ್ಕೆ ಇದು ನಡೆದೀತು. ಆದರೆ ಪಥ್ಯ ಜೀವನಪೂರ್ತಿ ಇರುವುದಾದರೆ? ಅದೂ ಒಂದು ಮಗುವಿಗೆ?

ನಾನು ಪಾಠ ಹೇಳುವ ಮಕ್ಕಳಲ್ಲಿ ಅಂತಹ ಒಬ್ಬಳಿದ್ದಾಳೆ. ವಯಸ್ಸು ಒಂಬತ್ತಾದರೂ ಆರರವಳಂತೆ ಕಾಣುತ್ತಿದ್ದಳು. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಂತಿದ್ದವು. ಜಂತುಹುಳದ ಮಾತ್ರೆ, ಟಾನಿಕ್, ತಾಯಿತ, ಮನೆಯವರು ಮಾಡದೆ ಬಿಟ್ಟದ್ದು ಯಾವುದೂ ಇಲ್ಲ. ಕೊನೆಗೆ ವೈದ್ಯರು ರಕ್ತಪರೀಕ್ಷೆ ಮಾಡಿಸಿ, "ಇದು ಸೀಲಿಯಾಕ್ ಕಾಯಿಲೆ, ಗೋಧಿ ಮುಟ್ಟಿಸಬೇಡಿ, ಕೆಲವು ತಿಂಗಳು ಹಾಲನ್ನೂ ನಿಲ್ಲಿಸಿ" ಎಂದರು. ಗೋಧಿ ಬಿಟ್ಟ ಮೇಲೆ ಹುಡುಗಿಯ ಹೊಟ್ಟೆ ಇಳಿಯಿತು, ಮುಖಕ್ಕೆ ಕಳೆ ಬಂತು. ಆದರೆ ಅವಳು ನನ್ನ ಬಳಿ ಹೇಳಿದ ದೂರು ಕಾಯಿಲೆಯದ್ದಲ್ಲ. "ಟೀಚರ್, ಈದ್ ದಿನ ಎಲ್ಲರೂ ಒಟ್ಟಿಗೆ ಕೂತು ಉಂಡರು. ನನಗೆ ಮಾತ್ರ ಬೇರೆ ಡಬ್ಬಿ" ಎಂದಳು. ಈ ಬಾರಿಯ ಮಾತು ಆ ಬೇರೆ ಡಬ್ಬಿಯ ಬಗ್ಗೆ.

ಕಾಯಿಲೆ ಏನು?

ಗೋಧಿ ಹಿಟ್ಟು ಕಲಸಿ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆಯಲ್ಲವೇ? ಆ ಗುಣ ಕೊಡುವುದು ಗ್ಲುಟೆನ್ ಎಂಬ ಪ್ರೋಟೀನು. ಗೋಧಿ, ಜವೆಗೋಧಿ ಅಂದರೆ ಬಾರ್ಲಿ, ಮತ್ತು ರೈ ಎಂಬ ಧಾನ್ಯಗಳಲ್ಲಿ ಇದಿದೆ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರದ ಮೇಲೆ ಎರಗುತ್ತದೆ. ಆಹಾರದ ಸಾರವನ್ನು ಹೀರುವ ಬೆರಳಿನಂತಹ ಎಳೆಗಳು ಸವೆದುಹೋಗುತ್ತವೆ. ಮಗು ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ಕುಂಠಿತ ಬೆಳವಣಿಗೆ ಮಕ್ಕಳಲ್ಲಿ ಕಾಣುವ ಲಕ್ಷಣಗಳು. ದೊಡ್ಡವರಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ಕಬ್ಬಿಣಾಂಶದ ಮಾತ್ರೆ ನುಂಗಿದರೂ ಏರದ ರಕ್ತಹೀನತೆಯೇ ಒಮ್ಮೊಮ್ಮೆ ಇದರ ಏಕೈಕ ಗುರುತು.

ಈ ಗುಟ್ಟು ಬಯಲಾದದ್ದು ಹಾಲೆಂಡ್ ದೇಶದಲ್ಲಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಅಲ್ಲಿ ಬ್ರೆಡ್ಡಿಗೂ ಬರ ಬಂತು. ಊರೆಲ್ಲ ಹಸಿವಿನಿಂದ ನರಳುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಮರಳಿತು. ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟರು. ಇಂದಿಗೂ ಇದಕ್ಕೆ ಔಷಧವೆಂದರೆ ಗ್ಲುಟೆನ್ ಇಲ್ಲದ ಊಟ, ಅದೂ ಜೀವನಪೂರ್ತಿ.

ಹಾಲಿನ ವಿಷಯ ಬೇರೆ. ಹಾಲಿನ ಸಕ್ಕರೆಯನ್ನು ಅರಗಿಸುವ ರಸ ಹುಟ್ಟುವುದು ಅದೇ ಎಳೆಗಳ ತುದಿಯಲ್ಲಿ. ಎಳೆ ಸವೆದಾಗ ಹಾಲೂ ಅರಗುವುದಿಲ್ಲ. ಕರುಳು ವಾಸಿಯಾದ ಮೇಲೆ ಅನೇಕರಿಗೆ ಹಾಲು ಮತ್ತೆ ಒಗ್ಗುತ್ತದೆ. ಆದರೆ ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಕ್ಕಳಿಗೆ ಮೊಸರು, ಬೆಣ್ಣೆ, ತುಪ್ಪ ಯಾವುದೂ ಸಲ್ಲದು. ನಿಮ್ಮ ಮಗುವಿನದ್ದು ಯಾವ ಬಗೆ ಎಂಬುದನ್ನು ವೈದ್ಯರಿಂದಲೇ ತಿಳಿಯಿರಿ.

ಒಂದು ಎಚ್ಚರಿಕೆ. ಅವರಿವರ ಮಾತು ಕೇಳಿ ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆಯಾಗಲಿ, ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆಯಾಗಲಿ, ಗೋಧಿ ತಿನ್ನುತ್ತಿರುವಾಗಲೇ ಸರಿಯಾದ ಉತ್ತರ ಕೊಡುತ್ತದೆ.

ನಮ್ಮ ನೆಲದ ಭಾಗ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲೂಕುಗಳು ಮಳೆಯನ್ನು ನಂಬಿದ ಜೋಳದ ಸೀಮೆ. ಗೋಧಿ ತಿನ್ನಬೇಡ ಎಂದರೆ ಉತ್ತರ ಭಾರತದ ತಾಯಿ ಕಂಗಾಲಾಗುತ್ತಾಳೆ, ಏಕೆಂದರೆ ಅಲ್ಲಿ ಮೂರು ಹೊತ್ತೂ ಚಪಾತಿ. ನಮಗೆ ಆ ಚಿಂತೆ ಏಕೆ? ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಇವುಗಳಲ್ಲಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಕಡಲೆ, ಹೆಸರು, ತೊಗರಿ, ಶೇಂಗಾ, ಎಳ್ಳು, ಗುರೆಳ್ಳಿನಲ್ಲೂ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಗರದವರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಿರುವ ಕಾಳು ನಮ್ಮ ಮನೆಗಳಲ್ಲಿ ಚೀಲದಲ್ಲಿದೆ.

ಆದರೂ ನಮ್ಮ ಮನೆಗಳಿಗೆ ಗೋಧಿ ನುಗ್ಗಿರುವುದು ನಿಜ. ಬೆಳಗ್ಗೆ ರವೆ ಉಪ್ಪಿಟ್ಟು, ಶಾಲೆಯ ಡಬ್ಬಿಗೆ ಬಿಸ್ಕತ್ತು, ಸಂಜೆ ಚಹಾಕ್ಕೆ ಬನ್ನು, ನೆಂಟರು ಬಂದರೆ ಪರೋಟ. ರೊಟ್ಟಿ ಬಡಿಯುವುದು ಹಳ್ಳಿಯವರ ಕೆಲಸ, ಚಪಾತಿ ಲಟ್ಟಿಸುವುದು ದೊಡ್ಡಸ್ತಿಕೆ ಎಂಬ ಭಾವನೆಯೂ ಇದೆ. ಪಥ್ಯದ ಮಗುವಿಗೆ ರೊಟ್ಟಿ, ಉಳಿದವರಿಗೆ ಚಪಾತಿ ಎಂದಾಗ ಆ ರೊಟ್ಟಿ ಶಿಕ್ಷೆಯಂತೆ ಕಾಣುತ್ತದೆ. ಎಲ್ಲರಿಗೂ ರೊಟ್ಟಿಯೇ ಆದರೆ ಅದು ಊಟ.

ಅಡಗಿ ಕುಳಿತ ಗೋಧಿ

ಕಣ್ಣಿಗೆ ಕಾಣುವ ಗೋಧಿಯನ್ನು ಬಿಡುವುದು ಸುಲಭ. ಕಾಣದ ಗೋಧಿಯೇ ಅಪಾಯ.

ಅಂಗಡಿಯ ಇಂಗಿಗೆ ಹೆಚ್ಚಾಗಿ ಮೈದಾ ಬೆರೆಸಿರುತ್ತಾರೆ. ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ, ಅಕ್ಕಿಹಿಟ್ಟು ಬೆರೆಸಿದ್ದನ್ನು ತನ್ನಿ. ಇಲ್ಲವೆಂದರೆ ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ ಸಾಕು. ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ, ಆದ್ದರಿಂದ ಬಂಡಿಯ ಗೋಬಿ ಮಂಚೂರಿ ಬೇಡ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ. ಸುನ್ನತ್ ಎಂದು ಪ್ರೀತಿಯಿಂದ ಮಾಡಿಕೊಡುವ ತಲ್ಬೀನಾ ಬಾರ್ಲಿಯದ್ದೇ, ಹಲೀಮ್‌ನಲ್ಲಿ ಗೋಧಿಯೇ ಇದೆ. ಒಳ್ಳೆಯ ಆಹಾರವೇ ಹೌದು, ಆದರೆ ಈ ಮಗುವಿಗಲ್ಲ. ಗ್ಲುಟೆನ್ ರಹಿತ ಎಂದು ಮುದ್ರಿಸಿದ ಪೊಟ್ಟಣದಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಅಷ್ಟು ಸಣ್ಣ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಇದರಿಂದ ಅರಿಯಬಹುದು.

ಹಾಗಾದರೆ ಹಿಟ್ಟಿನ ಗಿರಣಿಯ ಗತಿ ಏನು? ನಿಮ್ಮ ಮುಂದಿನವರು ಗೋಧಿ ಬೀಸಿ ಹೋಗಿದ್ದರೆ ನಿಮ್ಮ ಜೋಳದ ಹಿಟ್ಟಿಗೆ ಅದು ಬೆರೆತೇ ಬೆರೆಯುತ್ತದೆ. ಆಗ ಮಗು ರೊಟ್ಟಿಯನ್ನೇ ತಿಂದರೂ ಹೊಟ್ಟೆ ಕೆಡುತ್ತದೆ, "ಜೋಳವೂ ಒಗ್ಗುತ್ತಿಲ್ಲ" ಎಂದು ತಾಯಿ ಕೈಚೆಲ್ಲುತ್ತಾಳೆ. ಸಾಧ್ಯವಿದ್ದರೆ ನಾಲ್ಕು ಮನೆಯವರು ಕೂಡಿ, ಒಳಗೆ ಗೋಧಿ ಸೋಂಕದ ಸಣ್ಣ ಗಿರಣಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಅಜ್ಜಿಯ ಕಾಲದ ಬೀಸುವ ಕಲ್ಲು ಇದ್ದರೆ ಚೆನ್ನಾಗಿ ತೊಳೆದು ಬಳಸಿ. ಬೀಸುವ ಮೊದಲು ಜೋಳವನ್ನು ಮೊರದಲ್ಲಿ ಹಾಕಿ ಗೋಧಿ ಕಾಳು ಆರಿಸಿ. ಜರಡಿ, ಲಟ್ಟಣಿಗೆ, ಡಬ್ಬಿ ಬೇರೆ ಇರಲಿ. ಸಮೋಸ ಕರಿದ ಎಣ್ಣೆಯಲ್ಲಿ ಈ ಮಗುವಿನ ಮಿರ್ಚಿ ಕರಿಯಬೇಡಿ.

ಎಲ್ಲರೂ ಉಣ್ಣುವ ಅಡುಗೆ

ನಮ್ಮ ದಖ್ಖನಿ ಅಡುಗೆಯ ರುಚಿ ನಿಂತಿರುವುದು ಹಾಲಿನ ಮೇಲಲ್ಲ, ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆಯ ಮೇಲೆ. ಖಟ್ಟಿ ದಾಲ್, ದಾಲ್ಚಾ, ಮಿರ್ಚಿ ಸಾಲನ್, ಎಣ್ಣೆಯಲ್ಲಿ ಮಾಡಿದ ಬಗಾರಾ ಖಾನಾ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಇವು ಯಾವುದಕ್ಕೂ ಗೋಧಿ, ಹಾಲು ಬೇಕಿಲ್ಲ. ಇನ್ನು ಮೂರನ್ನು ವಿವರವಾಗಿ ಹೇಳುತ್ತೇನೆ.

ಬಗಾರಾ ಬೈಂಗನ್: ಎಳೆಯ ಬದನೆಕಾಯಿ ಅರ್ಧ ಕಿಲೋ. ತೊಟ್ಟು ಉಳಿಸಿ ನಾಲ್ಕಾಗಿ ಸೀಳಿ ಉಪ್ಪುನೀರಿನಲ್ಲಿ ಇಡಿ. ಶೇಂಗಾ 4 ಚಮಚ, ಎಳ್ಳು 2 ಚಮಚ, ಒಣಕೊಬ್ಬರಿ ತುರಿ 2 ಚಮಚ, ಕೊತ್ತಂಬರಿ ಬೀಜ 1 ಚಮಚ, ಜೀರಿಗೆ ಅರ್ಧ ಚಮಚ ಬೇರೆ ಬೇರೆಯಾಗಿ ಹುರಿಯಿರಿ. ಎರಡು ಈರುಳ್ಳಿಯನ್ನು ಕೆಂಪಗೆ ಹುರಿದು ಇವುಗಳೊಂದಿಗೆ ನುಣ್ಣಗೆ ರುಬ್ಬಿ. ಬದನೆಯನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಕರಿಬೇವು, ಶುಂಠಿ-ಬೆಳ್ಳುಳ್ಳಿ, ಅರಿಶಿನ, ಖಾರದ ಪುಡಿ, ಆಮೇಲೆ ರುಬ್ಬಿದ ಮಸಾಲೆ. ಎಣ್ಣೆ ಬಿಡುವವರೆಗೆ ಕೈಯಾಡಿಸಿ. ನಿಂಬೆಗಾತ್ರದ ಹುಣಸೆಯ ರಸ, ಉಪ್ಪು, ಚೂರು ಬೆಲ್ಲ, ಒಂದು ಲೋಟ ನೀರು ಹಾಕಿ ಬದನೆ ಬಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಬಿಸಿ ರೊಟ್ಟಿಗೆ ಇದಕ್ಕಿಂತ ಜೋಡಿ ಇಲ್ಲ. ಅಂದ ಹಾಗೆ, ಹಳೆಯ ಜೋಳದ ಹಿಟ್ಟಿಗೆ ಜಿಗುಟು ಇರುವುದಿಲ್ಲ, ರೊಟ್ಟಿ ಬಿರಿಯುತ್ತದೆ. ವಾರಕ್ಕೆ ಸಾಕಾಗುವಷ್ಟೇ ಬೀಸಿ, ಕುದಿಯುವ ಎಸರಿನಲ್ಲಿ ಹಿಟ್ಟು ಕಲಸಿ ಚೆನ್ನಾಗಿ ನಾದಿ.

ಮೊಸರಿಲ್ಲದ ಬಿರಿಯಾನಿ: ಬಿರಿಯಾನಿಯಲ್ಲಿ ಮೊಸರಿನ ಕೆಲಸ ಎರಡು, ಹುಳಿ ಕೊಡುವುದು ಮತ್ತು ಮಾಂಸವನ್ನು ಮೆದುವಾಗಿಸುವುದು. ಹುಳಿಗೆ ಟೊಮೆಟೊ ಮತ್ತು ನಿಂಬೆ, ಮೆದುವಾಗಲು ಪಪ್ಪಾಯಿ ಕಾಯಿ ಇದ್ದರಾಯಿತು. ಒಂದು ಕಿಲೋ ಮಟನ್‌ಗೆ 2 ಚಮಚ ಪಪ್ಪಾಯಿ ಕಾಯಿಯ ಪೇಸ್ಟು, 3 ಚಮಚ ಶುಂಠಿ-ಬೆಳ್ಳುಳ್ಳಿ, ಎರಡು ನಿಂಬೆಯ ರಸ, ಉಪ್ಪು, ಖಾರ ಹಚ್ಚಿ ಒಂದು ಗಂಟೆ ಇಡಿ. ಅರ್ಧ ಕಿಲೋ ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಅರ್ಧ ತೆಗೆದಿಡಿ. ಉಳಿದದ್ದಕ್ಕೆ ಚಕ್ಕೆ, ಲವಂಗ, ಏಲಕ್ಕಿ, ಅರ್ಧ ಕಿಲೋ ಟೊಮೆಟೊ, ಪುದೀನ, ಕೊತ್ತಂಬರಿ, ಮಾಂಸ ಹಾಕಿ ಬೇಯಿಸಿ. ಮುಕ್ಕಾಲು ಬೆಂದ ಒಂದು ಕಿಲೋ ಅಕ್ಕಿಯ ಅನ್ನ ಹರಡಿ, ಹುರಿದ ಈರುಳ್ಳಿ ಉದುರಿಸಿ ದಮ್ ಕೊಡಿ. ಪಾತ್ರೆಯ ಬಾಯಿಗೆ ಗೋಧಿ ಹಿಟ್ಟು ಮೆತ್ತುವ ರೂಢಿ ಬಿಟ್ಟು ಒದ್ದೆ ಬಟ್ಟೆ ಸುತ್ತಿ. ಮೊಸರು ಬಜ್ಜಿಯ ಬದಲು ಶೇಂಗಾ-ಹುಣಸೆಯ ಸಾಲನ್ ಇರಲಿ.

ಕುಸುಬೆ ಹಾಲಿನ ನವಣೆ ಖೀರು: ಶೀರ್ ಖುರ್ಮಾದಲ್ಲಿ ಗೋಧಿ ಶಾವಿಗೆಯೂ ಇದೆ, ಹಾಲೂ ಇದೆ. ಬದಲಿಗೆ ಏನು? ನಮ್ಮ ಸೀಮೆಯ ಅಜ್ಜಿಯರು ಹುಗ್ಗಿಗೆ ಕುಸುಬೆ ಬೀಜದ ಹಾಲು ತೆಗೆಯುತ್ತಿದ್ದರು. ಒಂದು ಲೋಟ ಕುಸುಬೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ರುಬ್ಬಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಮೂರು ಲೋಟ ಬಿಳಿ ಹಾಲು ಸಿಗುತ್ತದೆ. ಅರ್ಧ ಲೋಟ ನವಣೆ ಅಕ್ಕಿಯನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿ ಈ ಹಾಲು ಸುರಿಯಿರಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ತಿರುವಿ. ಕರಗಿಸಿ ಸೋಸಿದ ಮುಕ್ಕಾಲು ಲೋಟ ಬೆಲ್ಲ, ಏಲಕ್ಕಿ, ಎಣ್ಣೆಯಲ್ಲಿ ಹುರಿದ ಖರ್ಜೂರ, ಚಾರೋಳಿ, ಗೋಡಂಬಿ ಸೇರಿಸಿ. ಶಾವಿಗೆಯೇ ಬೇಕೆಂದರೆ ಮನೆಯಲ್ಲಿ ಒತ್ತಿದ ಅಕ್ಕಿ ಶಾವಿಗೆಗೆ ತೆಂಗಿನ ಹಾಲು ಹಾಕಿ. ತೆಂಗಿನ ಹಾಲು ಕುದಿದರೆ ಒಡೆಯುತ್ತದೆ, ಒಲೆಯಿಂದ ಇಳಿಸಿದ ಮೇಲೆ ಬೆರೆಸಿ.

ಹಾಲು ನಿಲ್ಲಿಸಿದ ಮನೆಯಲ್ಲಿ ಸುಣ್ಣದಂಶದ ಚಿಂತೆ ಇರಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೊಳಕೆ ಕಟ್ಟಿ ಬೀಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಎಳ್ಳುಂಡೆ, ನುಗ್ಗೆಸೊಪ್ಪು, ಮುಳ್ಳಿನೊಂದಿಗೆ ತಿನ್ನುವ ಸಣ್ಣ ಮೀನು ಒಳ್ಳೆಯವು. ಮಾತ್ರೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ.

ಇಫ್ತಾರ್, ಮದುವೆ, ನೆಂಟರ ಮನೆ

ಇಫ್ತಾರ್‌ಗೆ ಅಕ್ಕಿ-ಹೆಸರುಬೇಳೆಯ ಖೀಮಾ ಗಂಜಿ, ಮಂಡಕ್ಕಿ, ಕಡಲೆಹಿಟ್ಟಿನ ಮಿರ್ಚಿ, ಹಣ್ಣು ಇದ್ದರೆ ಸಮೋಸದ ಕೊರತೆ ಯಾರಿಗೂ ಕಾಣುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹಾಲು, ಉಪ್ಪಿಟ್ಟಿನ ವಿಷಯವನ್ನು ಶಿಕ್ಷಕರಿಗೆ ಬರೆದು ತಿಳಿಸಿ.

ಕಷ್ಟವಾಗುವುದು ನೆಂಟರ ಮನೆಯಲ್ಲಿ. "ತಿನ್ನು ಬೇಟಾ, ಒಂದು ತುಂಡಿನಿಂದ ಏನಾಗುತ್ತದೆ?" ಎಂದು ಖಾಲಾ ಪ್ರೀತಿಯಿಂದಲೇ ಬಾಯಿಗಿಡುತ್ತಾರೆ. ಆ ಒಂದು ತುಂಡಿನಿಂದ ಕರುಳಿಗೆ ಮತ್ತೆ ಪೆಟ್ಟು ಬೀಳುತ್ತದೆ. ತಾಯಿ ನಾಚಿಕೆ ಬಿಟ್ಟು ಹೇಳಬೇಕು, ಮಗುವಿಗೂ ಹೇಳಲು ಕಲಿಸಬೇಕು. ಪ್ರವಾದಿ ಮುಹಮ್ಮದ್(ಸ) ಆಹಾರವನ್ನು ಎಂದೂ ಹಳಿಯುತ್ತಿರಲಿಲ್ಲ, ಬೇಕಾದರೆ ಉಣ್ಣುತ್ತಿದ್ದರು, ಬೇಡವಾದರೆ ಬಿಡುತ್ತಿದ್ದರು. ವಿನಯದಿಂದ ಬೇಡವೆನ್ನುವುದು ಆತಿಥ್ಯಕ್ಕೆ ಅವಮಾನವಲ್ಲ. ಆತಿಥೇಯರೂ ಅತಿಥಿಗೆ ಏನು ಆಗುವುದಿಲ್ಲ ಎಂದು ಮೊದಲೇ ಕೇಳಿಕೊಂಡರೆ ಅದೇ ದೊಡ್ಡ ಮರ್ಯಾದೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಇಂತಹ ಮಗು ಇದ್ದರೆ ಇದೇ ಶುಕ್ರವಾರದಿಂದ ಆರಂಭಿಸಿ. ಒಂದು ಹೊತ್ತಿನ ಊಟವನ್ನು ಗೋಧಿ, ಹಾಲು ಇಲ್ಲದೆ ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡಿ. ಇದು ಪಥ್ಯದ ಅಡುಗೆ ಎಂದು ಯಾರಿಗೂ ಹೇಳಬೇಡಿ. ಗಂಡ ಎರಡನೇ ಸಲ ಬಡಿಸಿಕೊಂಡರೆ ನಿಮ್ಮ ಕೆಲಸ ಗೆದ್ದಂತೆ. ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ನಮ್ಮ ಕೈಗೆ ರುಚಿಯನ್ನೂ ಕರುಣಿಸಲಿ.