ಕಿವಿಗೊಡದೆ ಕೊಟ್ಟ ತೀರ್ಪು

ಪ್ರೇಕ್ಷಕರನ್ನೂ ಸೇರಿಸಿಕೊಂಡು ವಿದ್ಯಾರ್ಥಿಗಳು ನಡೆಸುವ ಧ್ವನಿ ಪ್ರಯೋಗಗಳೆಲ್ಲ ಶಿಸ್ತಿಲ್ಲದವರ ಗದ್ದಲ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಈ ಕಲೆಯ ಚರಿತ್ರೆಯೇ ಅದಕ್ಕೆ ವಿರುದ್ಧವಾಗಿದೆ.

ಲಂಡನ್ನಿನ ಮಾರ್ಲಿ ಕಾಲೇಜಿನಲ್ಲಿ ಕಾರ್ನೀಲಿಯಸ್ ಕಾರ್ಡ್ಯೂ ನಡೆಸುತ್ತಿದ್ದ ತರಗತಿಯ ಸುತ್ತ 1969ರಲ್ಲಿ ಸ್ಕ್ರ್ಯಾಚ್ ಆರ್ಕೆಸ್ಟ್ರಾ ಹುಟ್ಟಿತು. ಸಂಗೀತ ಕಲಿತವರಿಗೂ ಕಲಿಯದವರಿಗೂ ಅಲ್ಲಿ ಜಾಗವಿತ್ತು. ಕಾರ್ಡ್ಯೂ ಅವರ ‘ದಿ ಗ್ರೇಟ್ ಲರ್ನಿಂಗ್’ ಕೃತಿಯ ಏಳನೆಯ ಭಾಗವನ್ನೇ ನೋಡಿ. ಪ್ರತಿಯೊಬ್ಬರೂ ತಮಗೆ ತೋಚಿದ ಸ್ವರದಲ್ಲಿ ಮೊದಲ ಸಾಲು ಹಾಡುತ್ತಾರೆ; ಉಸಿರಿಗೊಂದು ಸಲದಂತೆ, ಗೊತ್ತುಪಡಿಸಿದಷ್ಟು ಸಲ. ಮುಂದಿನ ಸಾಲಿಗೆ ಮಾತ್ರ ಬೇರೊಬ್ಬರ ದನಿಯಲ್ಲಿ ಕೇಳಿಸಿದ ಸ್ವರವನ್ನು ಹಿಡಿಯಬೇಕು; ತಾವು ಆಗತಾನೆ ಹಾಡಿದ್ದು ಕೂಡದು. ಬೇಕಾದ ಸ್ವರ ಕೇಳಿಸದಿದ್ದರೆ ನಡೆದು ಹತ್ತಿರ ಹೋಗಬೇಕು. ಚೆಲ್ಲಾಪಿಲ್ಲಿಯಾಗಿ ಶುರುವಾದ ಸ್ವರಗಳು ಹೀಗೆ ಬಾಯಿಂದ ಬಾಯಿಗೆ ದಾಟುತ್ತ ಕೆಲವೇ ಸ್ವರಗಳ ಸುತ್ತ ನೆಲೆಗೊಳ್ಳುತ್ತವೆ. ಇದಕ್ಕಿಂತ ಕಠಿಣವಾದ ಶಿಸ್ತು ಇನ್ಯಾವುದು?

ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರ ತರಗತಿಯಲ್ಲಿ ಕಲಿತ ಅಲನ್ ಕ್ಯಾಪ್ರೋ 1959ರಲ್ಲಿ ಪ್ರದರ್ಶಿಸಿದ ‘18 ಹ್ಯಾಪನಿಂಗ್ಸ್ ಇನ್ 6 ಪಾರ್ಟ್ಸ್’ ಕೂಡ ಮನಬಂದಂತೆ ನಡೆದದ್ದಲ್ಲ. ಯಾವ ಭಾಗಕ್ಕೆ ಯಾವ ಕೋಣೆಯಲ್ಲಿ ಕೂರಬೇಕೆಂಬ ಸೂಚನೆ ಪ್ರೇಕ್ಷಕರ ಕೈಯಲ್ಲೇ ಇತ್ತು.

ಸೆನ್ಸರ್ ಮುಟ್ಟಿದಾಗ ಸದ್ದು ಬಂದರೆ ಸಾಕು ಎಂದುಕೊಳ್ಳುವ ವಿದ್ಯಾರ್ಥಿಗಳಿದ್ದಾರೆ, ನಿಜ. ಅಂಥ ಕೆಲಸವನ್ನು ಎದುರಿಗಿಟ್ಟುಕೊಂಡು ಟೀಕಿಸಲಿ. ಆದರೆ ಪ್ರೇಕ್ಷಕರಿಗೆ ಕೊಟ್ಟ ನಿಯಮವೇನು, ಅದು ಅವರ ಕಿವಿಯನ್ನು ಎಚ್ಚರಿಸಿತೇ ಎಂದು ಕೇಳದೆ ಇಡೀ ಪ್ರಕಾರವನ್ನೇ ತಳ್ಳಿಹಾಕುವುದು ವಿಮರ್ಶೆಯಲ್ಲ. ಆ ಲೇಖನದಲ್ಲಿ ಒಂದೇ ಒಂದು ಪ್ರಯೋಗದ ವಿವರವೂ ಇಲ್ಲ.