ಮುಟ್ಟಿದ್ರ ಏನ ಹಾಳಾಗ್ತದ?

ಹೋದ ಸಲ ಕಟಕ ರೊಟ್ಟಿ ಮೆತ್ತಗಾಗಧಂಗ ಹೆಂಗ ಇಡಬೇಕು ಅಂತ ಬರದಿದ್ದೆ. ಇವತ್ತಿಂದು ಅಡಗಿಮನಿ ಮಾತಲ್ಲ, ಸ್ವಲ್ಪ ಸಿಟ್ಟಿನ ಮಾತದ. ಓದಿ ನನ್ನ ಮ್ಯಾಲೆ ಸಿಟ್ಟಾದ್ರೂ ಅಡ್ಡಿಯಿಲ್ಲ, ಆದ್ರ ಪೂರ್ತಿ ಓದ್ರಿ.

ನಮ್ಮ ವೈನಿಯೊಬ್ಬರು ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಮೆಂತ್ಯದ ಹಿಟ್ಟು ಮಾಡಿ ಮಾರತಾರ. (ಅವರನ್ನ ಕೇಳೇ ಬರೀಲಿಕ್ಕೆ ಹತ್ತೇನಿ.) ಮೂರು ವರ್ಷ ರೊಕ್ಕ ಕೂಡಿಹಾಕಿ, ಆರ್ಡರು, ಲೆಕ್ಕ, ಡಬ್ಬಿ ಮ್ಯಾಲಿನ ಚೀಟಿ ಎಲ್ಲಾ ಒಂದ ಕಡೆ ಮಾಡಿಕೊಳ್ಳಲಿಕ್ಕೆ ಅಂತ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ತರಿಸಿದ್ರು. ದೀಪಾವಳಿ ಹದಿನೈದು ದಿನದ ಮ್ಯಾಲಿತ್ತು. ಅರಿಷಿಣ-ಕುಂಕುಮ ಹಚ್ಚಿ ಗುಂಡಿ ಒತ್ತಿದ್ರ ಒಳಗ ಫ್ಯಾನ್ ತಿರಗ್ತದ, ದೀಪ ಹತ್ತತಾವ, ಪರದೆ ಮಾತ್ರ ಕರ್ರಗ.

ನಮ್ಮಣ್ಣ ಹುಕುಂ ಹೊರಡಿಸಿದ: "ಯಾರೂ ಮುಟ್ಟಬ್ಯಾಡ್ರಿ!" ತಾನೂ ಮುಟ್ಟಲಿಲ್ಲ. ಅಂಗಡಿಯವಗ ಫೋನ್ ಹಚ್ಚಿದ್ರ ಅಂವ ಕೂತಲ್ಲೇ ಹೇಳಿದ, "ಮದರ್‌ಬೋರ್ಡ್ ಹೋಗಿರಬೇಕ್ರೀ, ತಂದ ಕೊಡ್ರಿ, ಎಂಟು ದಿನ ಆಗ್ತದ." ಕಣ್ಣಿಲೆ ನೋಡಿಲ್ಲ, ಕೈಲೆ ಹಿಡದಿಲ್ಲ, ಮದರ್‌ಬೋರ್ಡ್ ಹೋತಂತ! ಐದು ದಿನ ಆ ಕಂಪ್ಯೂಟರಿನ ಮ್ಯಾಲೆ ಹಳೇ ಚಾದರ ಹೊಚ್ಚಿ ಇಟ್ಟಿದ್ರು. ವೈನಿ ಮತ್ತ ಹಳೇ ನೋಟ್‌ಬುಕ್ಕಿನ್ಯಾಗ ಆರ್ಡರ್ ಬರಕೋತ ಕೂತಿದ್ರು.

ಆರನೇ ದಿನ ನಾ ಹೋದಾಗ ಮನ್ಯಾಗ ಗಂಡಸರ್‍ಯಾರೂ ಇರಲಿಲ್ಲ. ಪೆಟ್ಟಿಗಿ ಮ್ಯಾಲೆ ಸೀಲ್ ಚೀಟಿ ಏನೂ ಇರಲಿಲ್ಲ, ಅದನ್ನ ಮೊದಲು ನೋಡಿಕೊಂಡಿವಿ. ಸ್ವಿಚ್ ಆರಿಸಿ, ಗ್ವಾಡಿಯಿಂದ ಪ್ಲಗ್ ಕಿತ್ತಿವಿ. ಕಂಪ್ಯೂಟರಿನ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡದಿವಿ, ಒಳಗ ಉಳದ ಕರೆಂಟ್ ಹೋಗಲಿ ಅಂತ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಬಾಜೂದ ತಗಡು ಸರಿಸಿದಿವಿ. ಪೆಟ್ಟಿಗಿಯ ಕಬ್ಬಿಣ ಮುಟ್ಟಿ, ಮೈಯಾಗಿನ ಸ್ಥಿರವಿದ್ಯುತ್ ಕಳಕೊಂಡು ನೋಡಿದ್ರ, ರ್‍ಯಾಮ್ ಅಂತ ಉದ್ದನ ಪಟ್ಟಿ ಎರಡಿರತಾವಲ್ಲ, ಅದರಾಗ ಒಂದರ ತುದಿ ಮ್ಯಾಲೆದ್ದಿತ್ತು. ಲಾರಿಯೊಳಗ ಕುಣಕೋತ ಬಂದದ್ದು, ಇನ್ನೇನಾಗ್ತದ? ವೈನಿ ಎರಡೂ ತುದಿಗೆ ಹೆಬ್ಬಟ್ಟ ಇಟ್ಟು ಒತ್ತಿದ್ರು. 'ಟಕ್' ಅಂತು. ಪ್ಲಗ್ ಹಾಕಿ ಗುಂಡಿ ಒತ್ತಿದಿವಿ. ಒಂದು ನಿಮಿಷ ಕರ್ರಗ ಇದ್ದು, ಆಮ್ಯಾಲೆ ಪರದೆ ಬೆಳಗಿತು. ಒಟ್ಟು ಹಿಡದದ್ದು ಹದಿನೈದು ನಿಮಿಷ. ಖರ್ಚು ಸೊನ್ನಿ.

ಇಷ್ಟಾಗಿದ್ರ ನಾ ಬರೀತಿರಲಿಲ್ಲ. ಸಂಜೀಮುಂದ ನಮ್ಮಣ್ಣ ಬಂದು "ಹೆಂಗ ಸುರು ಆತು?" ಅಂತ ಕೇಳಿದ. ವೈನಿ ಏನಂದ್ರು ಗೊತ್ತದ ಏನು? "ಏನೋ, ತಾನ ಸುರು ಆತು ನೋಡ್ರಿ."

ತಾನ ಸುರು ಆತಂತ! ಆ ಮಾತಿಗೇ ನನ್ನ ಸಿಟ್ಟು.

ನೋಡ್ರಿ, ಕುಕ್ಕರ್ ಸೀಟಿ ಹೊಡೀಲಿಲ್ಲಂದ್ರ ನಾವು ಯಾರಿಗರೆ ಫೋನ್ ಹಚ್ಚತೇವೇನು? ನೀರು ಹಾಕೇನೋ ಇಲ್ಲೋ, ರಬ್ಬರು ಸಡಲಾಗೇದೋ, ಸೀಟ್ಯಾಗ ಅಗಳು ಸಿಕ್ಕದೋ, ಗ್ಯಾಸ್ ಸಣ್ಣಾಗೇದೋ, ಒಂದೊಂದ ನೋಡತೇವಿ. "ಕುಕ್ಕರ್ ಹೋತು, ಹೊಸಾದು ತರ್ರಿ" ಅಂತ ಮೊದಲಿಗೇ ಅಂದ್ರ ನಮ್ಮತ್ತಿಗೋಳು ಮನೀ ಬಿಡಸ್ತಿದ್ರು. ಮಿಕ್ಸರ್ ನಿಂತ್ರ ತಳದಾಗಿನ ಕೆಂಪು ಗುಂಡಿ ಒತ್ತಬೇಕು ಅನ್ನೂದು ನಮಗ ಗೊತ್ತದ. ಕೂಸು ಅತ್ರ ಹಸಿವೋ, ಹೊಟ್ಟಿನೋವೋ, ನಿದ್ದಿಯೋ ಅಂತ ದನಿ ಕೇಳೇ ಹೇಳತೇವಿ. ಸುಲಭದ್ದು ಮೊದಲು, ಕಠಿಣದ್ದು ಆಮ್ಯಾಲೆ. ಒಂದು ಸಲಕ್ಕ ಒಂದ ಬದಲಾವಣಿ. ರಿಪೇರಿಯವರು ಕಲಿಯೂದೂ ಇದನ್ನ. ನಮ್ಮ ಹಂತ್ಯಾಕ ಅದು ಮೊದಲ ಅದ. ಇಲ್ಲದ್ದು ಒಂದ: ಮುಟ್ಟೋ ಧೈರ್ಯ. ಅದನ್ನ ಯಾರೂ ಕಸಗೊಂಡಿಲ್ಲ, ನಾವ ತಾಟಿನ್ಯಾಗ ಇಟ್ಟು ಕೊಟ್ಟೇವಿ.

"ಇದು ಗಂಡಸರ ಕೆಲಸ" ಅನ್ನವರಿಗೆ ಒಂದು ಹಳೇ ಕಥಿ. ಮೊದಮೊದಲು 'ಕಂಪ್ಯೂಟರ್' ಅಂದ್ರ ಮಷೀನ್ ಅಲ್ಲ, ಲೆಕ್ಕಾ ಮಾಡೋ ಮನುಷ್ಯಾರು, ಎರಡನೇ ಮಹಾಯುದ್ಧದ ಕಾಲಕ್ಕ ಅಮೆರಿಕಾದಾಗ ಬಹಳ ಮಂದಿ ಹೆಣ್ಣುಮಕ್ಕಳೇ. ಅಂಥಾ ಆರು ಮಂದೀನ ಎನಿಯಾಕ್ ಅನ್ನೋ ದೊಡ್ಡ ಮಷೀನಿನ ಕೆಲಸಕ್ಕ ಆರಿಸಿದ್ರು. ಮಿಲಿಟರಿ ಗುಟ್ಟು ಅಂತ ಮೊದಲಿಗೆ ಆ ಮಷೀನಿನ ಖೋಲಿಯೊಳಗ ಅವರನ್ನ ಬಿಡಲಿಲ್ಲ, ನಕ್ಷೆ ಕೈಯಾಗ ಕೊಟ್ಟು ಕಲೀರಿ ಅಂದ್ರು. ಅವರು ನಕ್ಷೆ ನೋಡೇ ಕಲತ್ರು. ಹದಿನೇಳು ಸಾವಿರಕ್ಕೂ ಹೆಚ್ಚು ವ್ಯಾಕ್ಯೂಮ್ ಟ್ಯೂಬ್ ಇದ್ದ ಮಷೀನದು. ಅದರಾಗ ಯಾವ ಟ್ಯೂಬ್ ಕೆಟ್ಟದ ಅಂತ ಹುಡುಕಿ ತೋರಸೂ ಮಟ್ಟಕ್ಕ ಬಂದ್ರು. 1946ರಾಗ ಮಷೀನನ್ನ ಜಗತ್ತಿಗೆ ತೋರಿಸಿ ಅವತ್ತ ರಾತ್ರಿ ಜಂಗಿ ಊಟಾ ಇಟ್ಟರು. ಈ ಆರು ಮಂದಿಗೆ ಊಟಕ್ಕ ಕರೀಲಿಲ್ಲ. ಅವರ ಹೆಸರು ಹೊರಗ ಬರಲಿಕ್ಕೆ ಎಷ್ಟೋ ದಶಕ ಹಿಡೀತು. ಅಲ್ಲಿ ಹೆಸರು ಮುಚ್ಚಿಟ್ಟವರು ಬ್ಯಾರೆಯವರು. ನಮ್ಮ ಮನ್ಯಾಗ "ತಾನ ಸುರು ಆತು" ಅಂತ ನಮ್ಮ ಹೆಸರು ನಾವ ಅಳಿಸಿಕೊಳ್ಳತೇವಿ.

ಸಿಟ್ಟಷ್ಟ ಮಾಡಿದ್ರ ಹೊಟ್ಟಿ ತುಂಬಂಗಿಲ್ಲ. ಹೊಸಾ ಕಂಪ್ಯೂಟರ್ ಸುರು ಆಗಲಿಲ್ಲಂದ್ರ ಮೂರು ಪಾಲು ಮಾಡಿಕೊಳ್ರಿ, ಅಕ್ಕಿ ಹಸನ ಮಾಡಿದಂಗ.

ಒಂದು, ಫ್ಯಾನ್ ಇಲ್ಲ, ದೀಪ ಇಲ್ಲ, ಸಪ್ಪಳ ಇಲ್ಲ. ಅಂದ್ರ ಕರೆಂಟೇ ಒಳಗ ಹೋಗಿಲ್ಲ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡ್ರಿ. ಪೆಟ್ಟಿಗಿ ಹಿಂದ ವೈರ್ ಸೇರೂ ಕಡೆ ಒಂದು ಸಣ್ಣ ಸ್ವಿಚ್ ಇರತದ, ಅದರ ಮ್ಯಾಲೆ ಒಂದು ಗೀಟು, ಒಂದು ಸೊನ್ನಿ. ಗೀಟಿನ ಕಡೆ ಒತ್ತಿದ್ರ ಚಾಲೂ. ಎಷ್ಟೋ ಮನ್ಯಾಗ ಜಗಳಾ ಹಚ್ಚಿದ್ದು ಈ ಸೊನ್ನಿನೇ.

ಎರಡು, ಫ್ಯಾನ್ ತಿರಗ್ತದ, ಪರದೆ ಕರ್ರಗದ. ಪರದೆಗೆ ಬ್ಯಾರೆ ಕರೆಂಟ್ ವೈರ್ ಇರತದ, ಅದನ್ನ ಮೊದಲು ನೋಡ್ರಿ. ಆಮ್ಯಾಲೆ ಚಿತ್ರದ ಕೇಬಲ್. ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇದ್ರ ಕೇಬಲ್ ಅದಕ್ಕ ಹೋಗಬೇಕು, ಮದರ್‌ಬೋರ್ಡಿನ ತೂತಿಗೆ ಅಲ್ಲ. ಅದೂ ಸರಿ ಇದ್ರ ರ್‍ಯಾಮ್ ಪಟ್ಟಿ. ಎರಡಿದ್ರ ಒಂದನ್ನ ತಗದು, ಒಂದರ ಮ್ಯಾಲೆ ಸುರು ಮಾಡಿ ನೋಡ್ರಿ. ಆಮ್ಯಾಲೆ ಮದರ್‌ಬೋರ್ಡಿಗೆ ಹೋಗೋ ಎರಡು ಕರೆಂಟ್ ಜೋಡಣಿ: ಇಪ್ಪತ್ನಾಲ್ಕು ಪಿನ್ನಿನ ದೊಡ್ಡದು, ಪ್ರೊಸೆಸರ್ ಬಾಜೂಕ ಎಂಟು ಪಿನ್ನಿನ ಸಣ್ಣದು. ಈ ಸಣ್ಣದು ಬಿಟ್ಟಿದ್ರೂ ಫ್ಯಾನ್ ತಿರಗ್ತದ, ಪರದೆ ಬೆಳಗಂಗಿಲ್ಲ. ಇನ್ನೊಂದು, ಈಗಿನ ಡಿಡಿಆರ್5 ರ್‍ಯಾಮ್ ಇದ್ದ ಮಷೀನು ಮೊದಲನೇ ಸಲ ಸುರು ಆಗಲಿಕ್ಕೆ ಕೆಲವು ನಿಮಿಷ ಹಿಡೀತದ. ಹಾಲು ಉಕ್ಕೂತನಕ ಕಾಯತೇವಲ್ಲ, ಅಷ್ಟು ಕಾಯ್ರಿ.

ಮೂರು, ಪರದೆ ಮ್ಯಾಲೆ ಅಕ್ಷರ ಬರತಾವ, ಮುಂದ ಹೋಗಂಗಿಲ್ಲ. ಅಂದ್ರ ಜೀವ ಅದ, ಬಹಳ ಸಲ ಡಿಸ್ಕ್ ಸಿಕ್ಕಿರಂಗಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿಟ್ಟಿದ್ರ ತಗೀರಿ. ಆ ಅಕ್ಷರದ ಫೋಟೋ ಹೊಡಕೊಳ್ರಿ.

ಈಗ ನೀವು ಕೇಳೂದು ನನಗ ಗೊತ್ತದ: "ಶಾಕ್ ಹೊಡದ್ರ?" ಅಂಜಿಕಿ ಖರೆ, ಅದಕ್ಕ ಮರ್ಯಾದಿ ಕೊಡಬೇಕು. ಪ್ಲಗ್ ಕೀಳದ ಪೆಟ್ಟಿಗಿ ಬಿಚ್ಚಬಾರದು. ಹಿಂದಿನ ಮೂಲ್ಯಾಗಿರೋ ಪವರ್ ಸಪ್ಲೈ ಡಬ್ಬಿ ಎಂದೂ, ಎಂದೂ ಬಿಚ್ಚಬಾರದು. ಪ್ಲಗ್ ಕಿತ್ತ ಮ್ಯಾಲೂ ಅದರೊಳಗ ಕರೆಂಟ್ ಉಳದಿರತದ. ಸುಟ್ಟ ವಾಸನಿ ಬಂದ್ರ, ಕಿಡಿ ಕಂಡ್ರ ಅಲ್ಲಿಗೇ ಬಿಡ್ರಿ. "ಗ್ಯಾರಂಟಿ ಹೋದ್ರ?" ಸೀಲ್ ಚೀಟಿ ಇದ್ರ ಹರೀಬ್ಯಾಡ್ರಿ, ಹೊರಗಿಂದಷ್ಟ ನೋಡ್ರಿ. ಇಷ್ಟು ನೋಡಿದ ಮ್ಯಾಲೂ ಆಗಲಿಲ್ಲಂದ್ರ ಅಂಗಡಿಯವಗ ಫೋನ್ ಹಚ್ಚರಿ, ಆದ್ರ ನೀವ ಹಚ್ಚರಿ. "ಸುರು ಆಗವಲ್ತು" ಅನಬ್ಯಾಡ್ರಿ. "ಫ್ಯಾನ್ ತಿರಗ್ತದ, ಪರದೆ ಕೇಬಲ್ ಬದಲಿಸಿ ನೋಡೇನಿ, ಆದ್ರೂ ಕರ್ರಗದ" ಅನ್ರಿ. ಅಂವ ಮದರ್‌ಬೋರ್ಡಿನ ಪುರಾಣ ಹೇಳೂದು ಅರ್ಧ ಅಲ್ಲೇ ನಿಲ್ಲತದ. ಹೊಸಾ ಸಾಮಾನು ಕೆಟ್ಟದ್ದು ಬಂದ್ರ ಬದಲಿಸಿ ಕೊಡೂದು ಉಪಕಾರಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದ. 1915 ನಂಬರಿಗೆ ಫೋನ್ ಮಾಡಿದ್ರ ದೂರು ತಗೋತಾರ. ಐದು ಲಕ್ಷದ ತನಕದ ಸಾಮಾನಿಗೆ ಜಿಲ್ಲಾ ಆಯೋಗದಾಗ ದೂರಿಗೆ ಫೀಸೂ ಇಲ್ಲ.

"ನಮ್ಮವರಿಗೆ ಬ್ಯಾಸರಾಗ್ತದ" ಅನ್ನವರಿಗೆ ಏನ ಹೇಳಲಿ? ವೈನಿ ಚಟ್ನಿ ಕುಟ್ಟಿ ಗಳಿಸಿದ ರೊಕ್ಕದ ಮಷೀನು ಅದು. ರೊಕ್ಕ ಅಕಿದು, ಕೆಲಸ ಅಕಿದು, ಗುಂಡಿ ಒತ್ತಲಿಕ್ಕೆ ಮಾತ್ರ ಮಂದಿ ಅಪ್ಪಣಿ ಬೇಕಂದ್ರ ಅದು ಯಾವ ನ್ಯಾಯ? ನಮ್ಮಣ್ಣ ಕೆಟ್ಟಾಂವ ಅಲ್ಲ. ಅವಗೂ ತಿಳೀತಿರಲಿಲ್ಲ. "ನನಗ ತಿಳ್ಯಂಗಿಲ್ಲ" ಅನ್ನಲಿಕ್ಕೆ ನಾಚಿಕಿ, ಅದಕ್ಕ "ಮುಟ್ಟಬ್ಯಾಡ್ರಿ" ಅಂದ. ನಾವು ತಿಳದೂ "ತಿಳ್ಯಂಗಿಲ್ಲ" ಅನ್ನತೇವಿ. ಎರಡೂ ಸುಳ್ಳ, ಎರಡರ ನಡುವ ಐದು ದಿನ ಚಾದರ ಹೊಚ್ಚಿಕೊಂಡು ಕೂತದ್ದು ಹೊಸಾ ಕಂಪ್ಯೂಟರ್.

ಇಷ್ಟೆಲ್ಲಾ ನಾ ವೈನಿ ಮುಂದೂ ಹೇಳಿದೆ. ಸುಮ್ನ ಕೇಳಿದ್ರು. ಮರುದಿನ ಊಟಕ್ಕ ಕೂತಾಗ ನಮ್ಮಣ್ಣಗ ಹೇಳಿದ್ರಂತ, "ರ್‍ಯಾಮ್ ಸಡಲಾಗಿತ್ರೀ, ನಾನ ಒತ್ತಿ ಕೂಡಿಸೇನಿ." ಅಂವ "ಹೌದ?" ಅಂದು ಇನ್ನೊಂದು ಚಪಾತಿ ಹಾಕಿಸಿಕೊಂಡನಂತ. ಅಷ್ಟ. ಏನೂ ಹಾಳಾಗಲಿಲ್ಲ.

ನಿಮ್ಮ ಮನ್ಯಾಗೂ ಚಾದರ ಹೊಚ್ಚಿದ್ದು ಏನರೆ ಇದ್ರ, ಇವತ್ತ ಸಂಜೀಮುಂದ ತಗದು ನೋಡ್ರಿ. ಸುರು ಆದ್ರ ಯಾರು ಮಾಡಿದ್ದು ಅಂತ ಖರೇನ ಹೇಳ್ರಿ.